ಒಂದೇ ಗೆರೆ ವಿಭೂತಿ

"ಬಸ್ಸಿಗೆ ಕಕ್ಕಸ್ಸು ಕಟ್ಟಿದ್ದೀಯಲ್ಲ, ಹೋಗಿ ಅದ್ರೊಳ್ಗೇ ಕೂತ್ಕೊ ಕಣ್ಲಾ! ಆಚೆ ಬಂದು ಮೆಕ್ಯಾನಿಕ್ಕು ಅಂತ ಮಾತ್ರ ಹೇಳ್ಕೋಬ್ಯಾಡ, ನಮ್ ಮಾನ ಹೋಯ್ತದೆ."

ರುದ್ರಪ್ರಸಾದ್ ಇದನ್ನು ಹೇಳಿದ್ದು ಗವಿಸಿದ್ದಯ್ಯನ ಹಿಟ್ಟಿನ ಗಿರಣಿಯ ಮುಂದೆ, ಬೆಳಿಗ್ಗೆ ಎಂಟು ಗಂಟೆಗೆ, ರಾಗಿ ಡಬ್ಬ ಹಿಡಿದು ಸಾಲಾಗಿ ನಿಂತಿದ್ದ ಜನರ ಎದುರು. ಗಿರಣಿ ಇನ್ನೂ ಶುರುವಾಗಿರಲಿಲ್ಲ. ಹಾಗಾಗಿ ಒಂದಕ್ಷರವೂ ಯಾರ ಕಿವಿಯನ್ನೂ ತಪ್ಪಲಿಲ್ಲ. ಸಾಲಿನಲ್ಲಿ ಮೊದಲು ನಗು ಎದ್ದಿತು, ಆಮೇಲೆ ಒಂದು ಡಬ್ಬ ಕೈಜಾರಿ ಬಿದ್ದು, ಅದನ್ನು ನೋಡಿ ಇನ್ನಷ್ಟು ನಗು ಎದ್ದಿತು.

ಬೈಸಿಕೊಂಡವನು ಗವಿಸಿದ್ದಯ್ಯನ ಮಗ ಶಶಿಕಿರಣ್. ಬೈದವನು ಅವನ ಸ್ವಂತ ಸೋದರಮಾವ. ಡಿಪ್ಲೊಮಾ ಓದಿ ಹಾರೋಹಳ್ಳಿಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿರುವ ಮನುಷ್ಯ. ರಜೆಯ ದಿನವೂ ಜೇಬಿನಲ್ಲಿ ಎರಡು ಪೆನ್ನು ಸಿಕ್ಕಿಸಿಕೊಂಡೇ ಅಕ್ಕನ ಮನೆಗೆ ಬರುತ್ತಿದ್ದ.

ಶಶಿ ಒಂಬತ್ತನೇ ಕ್ಲಾಸಿಗೇ ಶಾಲೆಗೆ ದೊಡ್ಡ ನಮಸ್ಕಾರ ಹಾಕಿ ಬಂದವನು. ಕೆಲಸಗಾರರನ್ನು ಹೊತ್ತು ಹೊತ್ತು ಬೆನ್ನು ಬಗ್ಗಿಹೋಗಿದ್ದ ಒಂದು ಮಿನಿ ಬಸ್ಸನ್ನು ತಂದು, ಗಿರಣಿಯ ಪಕ್ಕದಲ್ಲಿ ನಿಲ್ಲಿಸಿಕೊಂಡು, ಹದಿನಾಲ್ಕು ತಿಂಗಳು ಅದರೊಳಗೇ ಉಂಡು ಮಲಗಿ, ಅದನ್ನು ಮನೆ ಮಾಡಿದ್ದ. ಸೀಟು ಕಿತ್ತು ಮಡಚುವ ಮಂಚ ಕೂರಿಸಿದ. ಒಲೆ ಇಟ್ಟ. ತಲೆಯ ಮೇಲೆ ನೀರಿನ ಟ್ಯಾಂಕು ಏರಿಸಿದ. ಚನ್ನಪಟ್ಟಣಕ್ಕೆ ಹೋಗಿ ಗೊಂಬೆ ಕಡೆಯುವವರ ಪಕ್ಕ ವಾರಗಟ್ಟಲೆ ಕೂತು, ಬೀರುಗಳಿಗೆ ಅರಗಿನ ಬಣ್ಣದ ಹಿಡಿಗಳನ್ನು ತಾನೇ ಕಡೆದು ತಂದ. ಮೂಲೆಯಲ್ಲಿ ಒಂದು ಕಕ್ಕಸ್ಸು ಕಟ್ಟಿದ. ಎಷ್ಟು ಅಚ್ಚುಕಟ್ಟೆಂದರೆ, ಬಾಗಿಲು ಹಾಕಿದರೆ ಅಲ್ಲೊಂದು ಕೋಣೆ ಇದೆಯೆಂದು ದೇವರಾಣೆಗೂ ಗೊತ್ತಾಗುತ್ತಿರಲಿಲ್ಲ. ನಿಂತಲ್ಲಿ ನಿಲ್ಲುವ ಮನೆಗಳು ಊರತುಂಬ ಇವೆ, ಇದು ಓಡಾಡುವ ಮನೆ ಎಂದು ಬಸ್ಸಿನ ಹಣೆಯ ಮೇಲೆ 'ಜಂಗಮ' ಎಂದು ಬರೆದ. ಬೀದಿಯವರು ಅದನ್ನು 'ಕಕ್ಕಸ್ ಬಸ್ಸು' ಎಂದು ಕರೆದರು.

ಇವತ್ತು ಆ ಜಂಗಮನ ಹಣೆಬರಹ ತೀರ್ಮಾನವಾಗುವ ದಿನ. ಮಾಗಡಿ ಕಡೆ ಕೆಂಪಾಪುರದ ಹತ್ತಿರ ತೋಟ ಮಾಡಿಕೊಂಡು ಅತಿಥಿಗಳನ್ನು ಇರಿಸಿಕೊಳ್ಳುವ ಐಶ್ವರ್ಯ ಎಂಬಾಕೆ ಫೋಟೊ ನೋಡಿ ಮೆಚ್ಚಿ, "ನಮ್ ಗೆಸ್ಟ್‌ಗಳಿಗೆ ಮೂರು ವರ್ಷಕ್ಕೆ ಬೇಕು, ಭಾನುವಾರ ಸಂಜೆ ಐದರೊಳಗೆ ತಂದು ತೋರಿಸಿ" ಎಂದಿದ್ದಳು. ಅಂದಿನಿಂದ ಶಶಿಗೆ ನಿದ್ದೆಯಿಲ್ಲ. ಗೆಸ್ಟ್‌ಗಳನ್ನು ಕೂರಿಸಿಕೊಂಡು ಒಂದು ದಿನ ಸಾವನದುರ್ಗ, ಒಂದು ದಿನ ಮುತ್ತತ್ತಿ, ಆಮೇಲೆ ಘಟ್ಟ ಇಳಿದು ಸೀದಾ ಕಡಲು. ಅವನಿನ್ನೂ ಕಡಲು ಕಂಡಿರಲಿಲ್ಲ. ಜಂಗಮನ ಗಾಜಿನಿಂದಲೇ ಮೊದಲ ಸಲ ನೋಡಬೇಕೆಂದು ಹಟ ಹಿಡಿದಿದ್ದ.

ಗವಿಸಿದ್ದಯ್ಯನದು ಬೇರೆ ಲೆಕ್ಕ. "ಸಂಜೆ ಒಳ್ಗೆ ಆಯಮ್ಮ ಒಪ್ಪುದ್ರೆ ಸರಿ. ಒಪ್ಪಲಿಲ್ವಾ, ನಾಳೆ ಬೆಳಿಗ್ಗೆ ಗುಜರಿ ಮುನಾವರ್ ಬತ್ತಾನೆ, ಕುಯ್ಕಂಡು ಹೋಯ್ತಾನೆ" ಎಂದು ಹೇಳಿ, ಮುನಾವರ್‌ಗೆ ಫೋನು ಮಾಡಿಯೂ ಆಗಿತ್ತು.

ಇಂಥ ದಿನ ಬೆಳಿಗ್ಗೆ ಒಂದು ಸುತ್ತು ಹೋಗಿಬರೋಣವೆಂದು ಶಶಿ ಗಾಡಿ ತೆಗೆದರೆ, ಗೇರು ಹಾಕಿದ ತಕ್ಷಣ ಕೆಳಗಿನಿಂದ 'ಟಣ್' ಎಂದಿತು. ಮುಂದೆ ಹೋದಂತೆ ಬಸ್ಸು ಚಳಿಜ್ವರ ಬಂದವರ ಹಾಗೆ ನಡುಗಿತು. ತಟ್ಟೆಲೋಟ ಬೀರುವಿನಿಂದ ಹೊರಗೆ ಹಾರಿದವು. ವಾಪಸ್ಸು ಬಂದು ನಿಲ್ಲಿಸಿದ್ದೇ ತಡ, ಮಾವನ ಬಾಯಿ ತೆರೆದಿತ್ತು.

ಶಶಿ ಗೋಣಿಚೀಲ ಹಾಸಿಕೊಂಡು ಬಸ್ಸಿನಡಿಗೆ ಜಾರಿದ. ಇಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಉದ್ದನೆಯ ಶಾಫ್ಟನ್ನು ಕೈಯಲ್ಲಿ ಹಿಡಿದು ತಿರುಚಿದ. ಅದರ ಹಿಂದಿನ ಕೀಲಿನಲ್ಲಿ ಕೂರುವ ಕೂಡುವ ಲೆಕ್ಕದ ಗುರುತಿನ ಆಕಾರದ ಕಬ್ಬಿಣಕ್ಕೆ ಮೆಕ್ಯಾನಿಕ್ಕುಗಳು 'ಕ್ರಾಸ್' ಎನ್ನುತ್ತಾರೆ. ಅದು ಅಲ್ಲಾಡುವ ಹಲ್ಲಿನಂತೆ ಲಟಲಟ ಎಂದಿತು. ನೋಡಬೇಕಾಗಿಯೇ ಇರಲಿಲ್ಲ, ಬೆರಳಿಗೇ ತಿಳಿದುಹೋಯಿತು.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಐಶ್ವರ್ಯ.

"ಹಲೋ ಶಶಿ, ಹೊರಟ್ರಾ?"

"ಮೇಡಂ, ಕ್ರಾಸ್ ಹೋಗೈತೆ..."

"ಓ, ಕ್ರಾಸ್ ಹೋಯ್ತಾ? ಯಾವ ಕ್ರಾಸು?"

"ಹಿಂದಿನ ಕ್ರಾಸ್ ಮೇಡಂ."

"ಹಿಂದಿನ ಕ್ರಾಸ್ ದಾಟಿದ್ರೆ ಇನ್ನೇನು ಬಂದೇಬಿಟ್ರಿ! ಗೇಟ್ ತೆಗ್ಸಿ ನಿಂತಿರ್ತೀನಿ." ಫೋನು ಕಟ್ಟಾಯಿತು.

ಬಸ್ಸಿನಡಿ ಮಲಗಿದ್ದ ಶಶಿ ಫೋನನ್ನು ಜೇಬಿಗೆ ತುರುಕಿದ. ಕೆಂಪಾಪುರದ ಗೇಟಿಗೂ ತನ್ನ ಬೆನ್ನಿಗೂ ನಡುವೆ ಅರ್ಧ ಜಿಲ್ಲೆ ಇತ್ತು.

ಶಾಫ್ಟ್ ಬಿಚ್ಚಲೇಬೇಕು. ಬಿಚ್ಚುವವರು ಬಿಚ್ಚುತ್ತಾರೆ. ಬಿಚ್ಚುವ ಮೊದಲು ಗುರುತು ಹಾಕುವವನೇ ಕೆಲಸಗಾರ. ಶಾಫ್ಟಿನ ಹಿಂದಿನ ತುದಿಯ ಬಿಲ್ಲೆಗೆ ನಾಲ್ಕು ಬೋಲ್ಟು. ಅದನ್ನು ನಾಲ್ಕು ರೀತಿಯಲ್ಲಿ ತಿರುಗಿಸಿ ಕೂರಿಸಬಹುದು, ಆದರೆ ಮೊದಲು ಹೇಗಿತ್ತೋ ಹಾಗೆಯೇ ಕೂತರೆ ಮಾತ್ರ ತೂಕ ಸರಿಹೋಗಿ ಗಾಡಿ ನಡುಗದೆ ಓಡುತ್ತದೆ. ಇದನ್ನು ಶಶಿಗೆ ಯಾವ ಮೇಷ್ಟರೂ ಹೇಳಿಕೊಟ್ಟಿರಲಿಲ್ಲ. ಸೀಮೆಸುಣ್ಣ ಹುಡುಕಿದ, ಸಿಗಲಿಲ್ಲ. ಬಣ್ಣದ ಡಬ್ಬ ಒಣಗಿತ್ತು. ಕೊನೆಗೆ ಗಿರಣಿಯ ದೇವರ ಗೂಡಿನಿಂದ ಅಪ್ಪನ ವಿಭೂತಿ ಗಟ್ಟಿ ತಂದು, ಶಾಫ್ಟಿಗೂ ಅದು ಕೂರುವ ಬಸ್ಸಿನ ಕಡೆಯ ಬಿಲ್ಲೆಗೂ ಸೇರುವಂತೆ ನೆಟ್ಟಗೆ ಒಂದು ಬಿಳಿ ಗೆರೆ ಎಳೆದ. ಇನ್ನೊಂದು ತುದಿಗೆ ಕಂಪನಿಯವರೇ ಬಾಣದ ಗುರುತು ಕೊರೆದಿದ್ದರಿಂದ ಅದರ ಚಿಂತೆ ಇರಲಿಲ್ಲ.

ಬೀದಿ ಇಳಿಜಾರು. ಹಿಂದಿನ ಎರಡು ಚಕ್ರಗಳಿಗೂ ಕಲ್ಲು ಕೊಟ್ಟ. ಒಂದು ಕಲ್ಲು ಅಲ್ಲೇ ಇತ್ತು. ಇನ್ನೊಂದಕ್ಕೆ ಪಕ್ಕದ ಮನೆ ಸರಸಮ್ಮನ ಹಿತ್ತಿಲಿಂದ ಒರಳಿನ ಗುಂಡುಕಲ್ಲು ಉರುಳಿಸಿ ತಂದ.

"ಕಲ್ಲ್ಯಾಕ್ಲಾ?" ಎಂದ ರುದ್ರಪ್ರಸಾದ್. "ಫಸ್ಟ್ ಗೇರಲ್ಲಿ ಹಾಕಿವ್ನಿ. ಬೆಟ್ಟದ್ ಮ್ಯಾಲ್ ನಿಲ್ಲಿಸುದ್ರೂ ಜಗ್ಗಕ್ಕಿಲ್ಲ."

"ಮಾವ, ಶಾಫ್ಟ್ ಬಿಚ್ಚುದ್ಮೇಲೆ ಗೇರಿಗೂ ಚಕ್ರಕ್ಕೂ ಸಂಬಂಧ ಎಲ್ಲೈತೆ? ಹ್ಯಾಂಡ್‌ಬ್ರೇಕೂ ಆ ಶಾಫ್ಟ್ ಮ್ಯಾಗೇ ಹಿಡಿಯೋದು."

"ನಂಗೇ ಹೇಳ್ಕೊಡ್ತೀಯೇನ್ಲಾ? ನಾನು ಆರು ಸೆಮಿಸ್ಟರ್ ಓದಿವ್ನಿ!"

ಶಶಿ ಗುಂಡುಕಲ್ಲನ್ನು ಕಾಲಲ್ಲಿ ಇನ್ನಷ್ಟು ಒತ್ತಿ, ಶಾಫ್ಟ್ ಬಿಚ್ಚಿ ಗೋಣಿಯ ಮೇಲೆ ಮಲಗಿಸಿ, ಸ್ಕೂಟರ್ ಏರಿ ಅಸ್ಗರ್‌ನ ಬಿಡಿಭಾಗದ ಅಂಗಡಿಗೆ ಹೋದ. ರೇಷ್ಮೆಗೂಡಿನ ಮಾರುಕಟ್ಟೆಗೆ ಬಂದ ಗಾಡಿಗಳ ನಡುವೆ ಹಾವಿನ ಹಾಗೆ ಸ್ಕೂಟರು ನುಸುಳಿಸಿಕೊಂಡು ಹೋದ.

ಅಸ್ಗರ್ ಮೂರು ಡಬ್ಬಿ ಮುಂದಿಟ್ಟ. ನೋಡಲು ಮೂರೂ ಕ್ರಾಸು ಒಂದೇ. ಶಶಿ ಕಣ್ಣು ಮುಚ್ಚಿ ಒಂದೊಂದನ್ನೇ ಎರಡು ಬೆರಳ ನಡುವೆ ಹೊರಳಿಸಿದ. "ಇದು ಕೂದಲೆಳೆ ದಪ್ಪ, ಇದು ಒಸಿ ಸಡ್ಲ, ಇದು ನಂದು" ಎಂದ. ಅಸ್ಗರ್ ನಂಬದೆ ಅಳತೆ ಮಾಪಕ ತಂದು ಹಿಡಿದು ನೋಡಿದ, ಎರಡು ಸಲ ನೋಡಿದ. ಆಮೇಲೆ ಮಾಪಕವನ್ನು ಡ್ರಾಯರಿಗೆ ಎಸೆದು, "ಅರೆ ಶಶಿ, ಈ ಕೈಯ ನಂಗೆ ಕೊಟ್ಬುಡು, ಇದ್ನ ನೀನ್ ತಗೊಂಡೋಗು" ಎಂದ.

ಶಶಿ ಕೊನೆಗೂ ಎದೆಯುಬ್ಬಿಸಿಕೊಂಡು ಮನೆಗೆ ಬಂದ. ಬಂದವನು ಸ್ಕೂಟರಿಗೆ ಸ್ಟ್ಯಾಂಡ್ ಹಾಕುವುದನ್ನೇ ಮರೆತ. ಅದು ಪಕ್ಕಕ್ಕೆ ಬಿತ್ತು.

ಗೋಣಿಯ ಮೇಲೆ ಶಾಫ್ಟು ಮದುವಣಗಿತ್ತಿಯಂತೆ ಹೊಳೆಯುತ್ತಿತ್ತು. ಮೈತುಂಬ ನೀರು. ಸೊಂಟಕ್ಕೆ ಸೇವಂತಿಗೆ ಹೂವು. ತಲೆಯ ಬಿಲ್ಲೆಗೆ ಸುತ್ತಲೂ, ನಾಲ್ಕು ದಿಕ್ಕಿಗೂ, ದಪ್ಪನೆಯ ಮೂರು ಮೂರು ಗೆರೆ ವಿಭೂತಿ, ನಡುವೆ ಕುಂಕುಮ. ಮುಂದೆ ಊದುಬತ್ತಿ. ಊದುಬತ್ತಿಯ ಪಕ್ಕ ಅವ್ವ ವಿಮಲಮ್ಮ ಮತ್ತು ಸರಸಮ್ಮ ಕೈಮುಗಿದು ನಿಂತಿದ್ದರು.

"ಯಾರವ್ವಾ... ಯಾರ್ ಮಾಡಿದ್ ಇದಾ?"

"ನಾವೇ ಕಣಪ್ಪ ಸಸಿ" ಎಂದಳು ಸರಸಮ್ಮ ಹೆಮ್ಮೆಯಿಂದ. "ಒಳ್ಳೆ ಕೆಲ್ಸಕ್ಕೆ ಹೊಂಟವ್ನೆ, ವಿಭೂತಿ ಹಚ್ಚವ್ನೆ ಅಂತ ಸಂತೋಸ ಆಯ್ತು. ಆದ್ರೆ ಒಂದೇ ಗೆರೆ ಎಳ್ದಿದ್ಯಲ್ಲಪ್ಪಾ! ಒಂದ್ ಗೆರೆ ವಿಭೂತಿ ಯಾರಾದ್ರೂ ಹಚ್ತಾರಾ? ನೋಡಕ್ಕೆ ಆಗ್ಲಿಲ್ಲ. ಎಣ್ಣೆ ಬೇರೆ ಮೆತ್ಕಂಡಿತ್ತು. ಸೀಗೆಪುಡಿ ಹಾಕಿ ಉಜ್ಜಿ ತೊಳ್ದು, ಶಾಸ್ತ್ರವಾಗಿ ಮೂರ್ ಗೆರೆ ಎಳ್ದೋ."

"ಬರೀ ಒಂದ್ ಕಡೆ ಯಾಕೆ ಅಂತ ಸುತ್ತ ಎಳ್ದೆ ಮಗ" ಎಂದಳು ವಿಮಲಮ್ಮ.

ಬೈಯುವುದಾದರೂ ಹೇಗೆ, ಅವ್ವನ ಕಣ್ಣಲ್ಲಿ ಭಕ್ತಿ ತುಂಬಿತ್ತು. ಶಶಿ ಕುಕ್ಕರಗಾಲಲ್ಲಿ ಕೂತು ಸುತ್ತಿಗೆ ಹಿಡಿದ. ಹಳೆಯ ಕ್ರಾಸನ್ನು ಹೊಡೆದು ಹೊರಗೆ ಹಾಕಿದ. ಹೊಸದರ ನಾಲ್ಕು ಬಟ್ಟಲುಗಳೊಳಗಿನ ಸೂಜಿಗಳಷ್ಟು ಸಣ್ಣ ಕಂಬಿಗಳನ್ನು ಗ್ರೀಸು ಮೆತ್ತಿ, ಒಂದೂ ವಾಲದಂತೆ ನಿಲ್ಲಿಸಿದ. ನೋಡುವವರಿಗೆ ಅಕ್ಕಸಾಲಿಗ ಹರಳು ಕೂರಿಸಿದಂತೆ ಕಾಣುತ್ತಿತ್ತು. ರಾಗಿ ಬೀಸಿಸಿಕೊಂಡವರೂ ಮನೆಗೆ ಹೋಗದೆ ನಿಂತು ನೋಡಿದರು.

ಆಗಲೇ ಸರಸಮ್ಮನಿಗೆ ಹಿತ್ತಿಲ ಒರಳು ನೆನಪಾಯಿತು. ಇಡ್ಲಿ ಹಿಟ್ಟು ರುಬ್ಬಬೇಕು. "ಅಯ್ಯೋ, ನಮ್ ಗುಂಡ್ಕಲ್ಲು ಇಲ್ಲೈತೆ!" ಎಂದು ಚಕ್ರದಡಿಯಿಂದ ಎಳೆದು, ಮಗುವಿನಂತೆ ಕಂಕುಳಿಗೇರಿಸಿಕೊಂಡು ಹೊರಟಳು.

ಜಂಗಮ ಒಂದು ನಿಟ್ಟುಸಿರು ಬಿಟ್ಟಿತು. ಇನ್ನೊಂದು ಚಕ್ರದ ಕಲ್ಲನ್ನು ಏರಿ ಇಳಿಯಿತು. ಆಮೇಲೆ ಯಾರಿಗೂ ಹೇಳದೆ ಬೀದಿಯುದ್ದಕ್ಕೂ ಹೊರಟಿತು.

"ಬಸ್ಸು! ಬಸ್ಸು!" ಎಂದು ಸಾಲು ಕೂಗಿತು. ಶಶಿ ಗ್ರೀಸಿನ ಕೈಯಲ್ಲೇ ಓಡಿದ. ಓಡುತ್ತಿದ್ದಾಗ ಬಸ್ಸಿನ ಒಳಗಿನಿಂದ ದಬದಬ ಬಾಗಿಲು ಬಡಿಯುವ ಸದ್ದು ಕೇಳಿತು.

"ಯಾವನ್ಲಾ ಅದು ಓಡ್ಸೋನು? ನಿಲ್ಸ್ಲಾ! ನಾನ್ ಒಳ್ಗಿವ್ನಿ!"

ರುದ್ರಪ್ರಸಾದನ ದನಿ. ಮನೆಯಲ್ಲಿ ಬಚ್ಚಲೂ ಕಕ್ಕಸ್ಸೂ ಒಂದೇ, ಅದರಲ್ಲಿ ಗವಿಸಿದ್ದಯ್ಯ ಸ್ನಾನಕ್ಕೆ ಇಳಿದಿದ್ದ. ಆತ ಒಳಗೆ ಹೋದರೆ ಒಂದು ಗಂಟೆ. ಕಾಯಲಾಗದ ಮಾವ ಅಳಿಯನ ಕಕ್ಕಸ್ಸಿಗೆ ಗುಟ್ಟಾಗಿ ಹೋಗಿ ಕೂತಿದ್ದ.

ಶಶಿ ಓಡುವ ಬಸ್ಸಿನ ಬಾಗಿಲಿಗೆ ನೇತುಬಿದ್ದು ಒಳಕ್ಕೆ ಹಾರಿ, ಡ್ರೈವರ್ ಸೀಟಿನ ಮುಂದೆ ನಿಂತು ಎರಡೂ ಕಾಲು ಬ್ರೇಕಿನ ಮೇಲೆ ಊರಿದ. ಬೀದಿಯ ತುದಿಯಲ್ಲಿ ಯಾರೋ ಒಟ್ಟಿದ್ದ ಹಿಪ್ಪುನೇರಳೆ ಕಡ್ಡಿಯ ರಾಶಿಗೆ ಜಂಗಮ ಎಮ್ಮೆಯ ಹಾಗೆ ಮೂತಿ ಇಟ್ಟು ನಿಂತಿತು. ಕಕ್ಕಸ್ಸಿನ ಬಾಗಿಲು ತೆರೆಯಿತು. ರುದ್ರಪ್ರಸಾದ್ ಒಂದು ಕೈಯಲ್ಲಿ ಪ್ಯಾಂಟು, ಇನ್ನೊಂದು ಕೈಯಲ್ಲಿ ಮಗ್ಗು ಹಿಡಿದು ಹೊರಬಂದ.

"ಗೇರಲ್ಲಿತ್ತಲ್ಲೋ ಗಾಡಿ?"

"ಗೇರಲ್ಲೇ ಐತೆ ಮಾವ" ಎಂದ ಶಶಿ ಮೆಲ್ಲಗೆ.

ಆ ಕ್ಷಣದಿಂದ ಮಾವನ ಆರು ಸೆಮಿಸ್ಟರೂ ಮೌನವಾದವು. ಬೀದಿಯವರೆಲ್ಲ ಸೇರಿ ಬಸ್ಸನ್ನು ಮೇಲಕ್ಕೆ ತಳ್ಳಿದಾಗ ಎಲ್ಲರಿಗಿಂತ ಜೋರಾಗಿ ಉಸ್ಸೆಂದವನು ಆತನೇ. ಕಲ್ಲು ಕೊಟ್ಟವನೂ ಆತನೇ, ಈ ಸಲ ನಾಲ್ಕು.

ಇನ್ನು ಶಾಫ್ಟು. ಬಸ್ಸಿನ ಕಡೆಯ ಬಿಲ್ಲೆಯಲ್ಲಿ ಶಶಿಯ ಒಂಟಿ ಗೆರೆ ಭದ್ರವಾಗಿತ್ತು. ಶಾಫ್ಟಿನ ಕಡೆ ಹನ್ನೆರಡು ಗೆರೆ ಇದ್ದವು. ಯಾವುದು ಮೊದಲಿನ ಜಾಗ? ಅಂದಾಜಿನ ಮೇಲೆ ಒಂದು ದಿಕ್ಕಿಗೆ ಕೂರಿಸಿ ಓಡಿಸಿದ. ಬಸ್ಸು ದೆವ್ವ ಹಿಡಿದಂತೆ ಕುಣಿಯಿತು. ಬಿಚ್ಚಿ ಇನ್ನೊಂದು ದಿಕ್ಕಿಗೆ ಕೂರಿಸಿದ. ಕುಣಿತ ನಿಂತಿತು, ಬದಲಿಗೆ ನೆಲದಡಿಯಿಂದ ಕಣಜದ ಗೂಡು ಕೆಣಕಿದಂಥ ಗುಂಯ್‌ಗುಡುವಿಕೆ ಶುರುವಾಯಿತು.

ಫೋನು ಬಂತು. "ಶಶಿ, ಹಿಂದಿನ ಕ್ರಾಸಿಂದ ಇಲ್ಲಿಗೆ ಇಷ್ಟು ಹೊತ್ತಾ?"

"ಹಳೇ ಕ್ರಾಸ್ ತೆಗ್ದು ಹೊಸಾ ಕ್ರಾಸ್ ಹಾಕಿವ್ನಿ ಮೇಡಂ, ಅದ್ಕೇ ಒಸಿ ಲೇಟು."

"ರೋಡ್ ಕೆಲ್ಸ ನಡೀತಿದ್ಯಾ? ಪರವಾಗಿಲ್ಲ, ನಿಧಾನವಾಗಿ ಬನ್ನಿ."

ಗಂಟೆ ಮೂರಾಗಿತ್ತು. ಶಶಿ ಮೂರನೆಯ ಸಲ ಬಿಚ್ಚಿದ. ಈ ಸಲ ಕೂರಿಸಲು ಆತುರ ಮಾಡಲಿಲ್ಲ. ಶಾಫ್ಟಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ, ಒಂದೊಂದು ಬೋಲ್ಟಿನ ತೂತಿನೊಳಗೂ ಕಿರುಬೆರಳು ಇಳಿಸಿ ಸುತ್ತ ಆಡಿಸಿದ. ಮೂರು ತೂತು ದುಂಡಗಿದ್ದವು. ನಾಲ್ಕನೆಯದರ ಅಂಚು, ವರ್ಷಗಟ್ಟಲೆ ಒಂದೇ ಕಡೆ ಒತ್ತಿಸಿಕೊಂಡು, ಕೂದಲಿನಷ್ಟು ಸವೆದಿತ್ತು. ಶಶಿ ಬಸ್ಸಿನಡಿ ತೆವಳಿ ಅಲ್ಲಿಯ ನಾಲ್ಕು ತೂತುಗಳನ್ನೂ ಹಾಗೇ ಬೆರಳಿನಿಂದ ಕೇಳಿನೋಡಿದ. ಅಲ್ಲೂ ಒಂದರ ಅಂಚು ಅಷ್ಟೇ ಸವೆದಿತ್ತು. ಎರಡನ್ನೂ ಎದುರುಬದುರು ಮಾಡಿ ಬೋಲ್ಟು ಬಿಗಿದ.

ಹೊರಗೆ ಬಂದು ಕೀಲಿ ತಿರುಗಿಸಿದ. ಗೇರು ಹಾಕಿದ. 'ಟಣ್' ಇಲ್ಲ. ನಡುಕ ಇಲ್ಲ. ಗುಂಯ್ ಇಲ್ಲ. ಬಾಬೀನಿನ ಮೇಲೆ ರೇಷ್ಮೆಯ ಎಳೆ ಸುತ್ತಿಕೊಳ್ಳುವ ಹಾಗೆ ಬಸ್ಸು ಸರಿಯಿತು. ಗಿರಣಿಯ ಸಾಲು ಚಪ್ಪಾಳೆ ಹೊಡೆಯಿತು. ಗವಿಸಿದ್ದಯ್ಯ ಹೆಗಲ ಟವಲು ತೆಗೆದು ಕಣ್ಣೊರೆಸಿಕೊಂಡ.

"ಹತ್ರಿ, ಎಲ್ರೂ ಹತ್ರಿ!" ಎಂದ ರುದ್ರಪ್ರಸಾದ್, ಬಸ್ಸು ತನ್ನದೇ ಎನ್ನುವ ಹಾಗೆ. ಗವಿಸಿದ್ದಯ್ಯ ಹತ್ತಿದ. ವಿಮಲಮ್ಮ ಹತ್ತಿದಳು. ಕೆಂಪಾಪುರದ ಕೆಂಪೇಗೌಡರ ಸಮಾಧಿ ನೋಡಿಲ್ಲವೆಂದು ಸರಸಮ್ಮ ಮಜ್ಜಿಗೆ ತುಂಬಿದ ಚೊಂಬಿನ ಜೊತೆ ಹತ್ತಿದಳು. ಮಾಗಡಿ ರಸ್ತೆಯ ತಿರುವುಗಳಲ್ಲಿ, ಬಂಡೆಗಳ ಪಕ್ಕದಲ್ಲಿ, ಜಂಗಮ ಓಡಿತು. ಚೊಂಬಿನ ಕಂಠದವರೆಗಿದ್ದ ಮಜ್ಜಿಗೆ ಒಂದು ತೊಟ್ಟೂ ತುಳುಕಲಿಲ್ಲ.

"ಅಕ್ಕ, ನಿನ್ ಮಗ ಮನುಸ್ಯ ಅಲ್ಲ ಕಣೆ" ಎಂದ ರುದ್ರಪ್ರಸಾದ್. "ನಮ್ ಕಾರ್ಖಾನೇಲಿ ಅಷ್ಟ್ ಮಿಸೀನ್ ಅವೆ, ಬೆರಳಲ್ಲಿ ಕಿವಿ ಇರೋನು ಒಬ್ಬನೂ ಇಲ್ಲ. ಬೆಳಿಗ್ಗೆ ಆಡಿದ್ ಮಾತ ವಾಪಸ್ ತಗಂಡೆ ಕಣ್ಲಾ ಅಳಿಯ!"

ಸ್ಟೀರಿಂಗು ಹಿಡಿದ ಶಶಿಯ ಮುಖ ಹಬ್ಬದ ಮನೆಯಾಗಿತ್ತು. ಮನಸ್ಸು ಆಗಲೇ ಘಟ್ಟ ಇಳಿಯುತ್ತಿತ್ತು.

ಐದಕ್ಕೆ ಹತ್ತು ನಿಮಿಷ ಇರುವಾಗ ಬಸ್ಸು ತೋಟದ ಗೇಟು ಹೊಕ್ಕಿತು. ಐಶ್ವರ್ಯ ಒಳಗೆ ಹತ್ತಿ, ಮಂಚ ಮಡಚಿ ಬಿಚ್ಚಿ, ಅರಗಿನ ಹಿಡಿಗಳನ್ನು ಒಂದೊಂದಾಗಿ ಎಳೆದು, ಕಕ್ಕಸ್ಸಿನ ಬಾಗಿಲು ಎಲ್ಲಿದೆಯೆಂದು ಎರಡು ಸಲ ಹುಡುಕಿ ಸೋತು, ಕೆಳಗಿಳಿದಳು.

"ಸೂಪರ್ ಶಶಿ! ಫೋಟೊಗಿಂತ ಚೆನ್ನಾಗಿದೆ. ಮೂರು ವರ್ಷ ಅಲ್ಲ, ಐದು ವರ್ಷಕ್ಕೆ ಬರ್ಕೊಳ್ಳೋಣ. ನಮ್ ಕಡೆಯಿಂದ ಎಲ್ಲಾ ರೆಡಿ ಇದೆ, ಬನ್ನಿ ತೋರಿಸ್ತೀನಿ."

ಹುಣಸೆಮರದ ಕೆಳಗೆ ಹುಲ್ಲು ಬೆಳೆಸಿದ್ದರು. ಹುಲ್ಲಿನ ನಡುವೆ ಹೊಸದಾಗಿ ಗಾರೆ ಮಾಡಿದ ನಾಲ್ಕು ಕುಳ್ಳ ಕಂಬಗಳು ನಿಂತಿದ್ದವು.

"ಇದ್ರ ಮೇಲೆ ಕೂರ್ಸೋದು" ಎಂದಳು ಐಶ್ವರ್ಯ. "ಗೆಸ್ಟ್‌ಗಳಿಗೆ ಬಸ್ಸಲ್ಲಿ ಮಲ್ಗೋದು ಅಂದ್ರೆ ಈಗ ತುಂಬಾ ಇಷ್ಟ. ಚಕ್ರ ತೆಗೀಬೇಕು. ಕೆಳಗಡೆ ಅದೇನೋ ಉದ್ದಕ್ಕೆ ಕಬ್ಬಿಣ ಇರತ್ತಲ್ಲ, ಶಾಫ್ಟು, ಅದನ್ನಂತೂ ಇವತ್ತೇ ತೆಗ್ದುಬಿಡಿ. ಯಾರ್ದಾದ್ರೂ ಮಕ್ಳು ಓಡಿಸ್ಕೊಂಡು ಹೋಗ್ಬಿಟ್ರೆ ಕಷ್ಟ. ಇಲ್ಲಿ ತನಕ ಬಂದಾಯ್ತಲ್ಲ, ಇನ್ನದು ಎಲ್ಲಿಗೂ ಹೋಗೋದಿಲ್ಲ."

ಗವಿಸಿದ್ದಯ್ಯ ಅಷ್ಟರಲ್ಲೇ ಎರಡೂ ಕೈ ಮುಗಿದು, "ಆಗ್ಲಿ ಕಣವ್ವ, ಒಪ್ಪುದ್ವಿ" ಎಂದುಬಿಟ್ಟಿದ್ದ. ನಾಳೆ ಬರಬೇಡವೆಂದು ಹೇಳಲು ಮುನಾವರ್‌ನ ನಂಬರು ಹುಡುಕತೊಡಗಿದ್ದ. ವಿಮಲಮ್ಮ ಕಂಬಗಳಿಗೆ ಪೂಜೆ ಆಗಿದೆಯೇ ಎಂದು ನೋಡುತ್ತಿದ್ದಳು.

"ತೆಗ್ಯಕ್ಕೆ ಮೆಕ್ಯಾನಿಕ್ ಸಿಗ್ತಾರಾ ಇಲ್ಲಿ?" ಎಂದು ಕೇಳಿದಳು ಐಶ್ವರ್ಯ.

ರುದ್ರಪ್ರಸಾದ್ ಮುಂದೆ ಬಂದು ಅಳಿಯನ ಹೆಗಲ ಮೇಲೆ ಕೈ ಹಾಕಿದ. ಅವನ ದನಿಯಲ್ಲಿ ಒಂದಿಷ್ಟೂ ಕುಹಕವಿರಲಿಲ್ಲ. ಎದೆ ತುಂಬಿ ಬಂದಿತ್ತು.

"ಮೆಕ್ಯಾನಿಕ್ ಯಾಕ್ ಮೇಡಂ? ನಮ್ಮಳಿಯ ಇವ್ನಲ್ಲ! ಇವತ್ತೊಂದೇ ದಿನ ಮೂರ್ ಸಲ ಬಿಚ್ಚವ್ನೆ ಅದ್ನ. ಇವ್ನಂಗೆ ಶಾಫ್ಟ್ ಬಿಚ್ಚೋ ಗಂಡು ಈ ಜಿಲ್ಲೇಲೇ ಇಲ್ಲ. ಅಲ್ವೇನ್ಲಾ ಸಸಿ? ಒಂದತ್ತು ನಿಮ್ಸ ಸಾಕಲ್ವಾ ನಿಂಗೆ?"

"ಹತ್ ನಿಮ್ಸ ಯಾಕೆ, ಐದೇ ಸಾಕು ನಮ್ ಸಸಿಗೆ!" ಎಂದಳು ಸರಸಮ್ಮ. ಎಲ್ಲರೂ ಚಪ್ಪಾಳೆ ಹೊಡೆದರು. ಗಿಡಕ್ಕೆ ನೀರು ಹಾಕುತ್ತಿದ್ದ ತೋಟದ ಆಳೂ ಪೈಪು ಕೆಳಗಿಟ್ಟು ಹೊಡೆದ.

"ಏನಂತೀಯ ಮಗ?" ಎಂದ ಗವಿಸಿದ್ದಯ್ಯ.

ಶಶಿಕಿರಣ್ ಮಾವನ ಕೈಯನ್ನು ಮೆಲ್ಲಗೆ ಹೆಗಲಿನಿಂದ ಇಳಿಸಿದ. ಹುಲ್ಲು ದಾಟಿ, ತೆರೆದೇ ಇದ್ದ ಗೇಟು ದಾಟಿ, ಬಿಸಿಲು ಇಳಿಯುತ್ತಿದ್ದ ಮಾಗಡಿ ರಸ್ತೆಗೆ ಬಂದು, ಹಿಂದಿನಿಂದ ನಾಲ್ಕು ದನಿಗಳು ಒಟ್ಟಿಗೆ ಕರೆಯುತ್ತಿದ್ದರೂ ಒಂದಕ್ಕೂ ಓ ಎನ್ನದೆ ನಡೆದುಕೊಂಡು ಹೊರಟುಹೋದ.